ಅಳೆಯುವ ಸೇರು ಯಾರದು?

ನಮ್ಮವ್ವ ಸಾಕ್ಷರತಾ ಪರೀಕ್ಷೆ ಪಾಸಾದಾಗ ನಾವು ಹೈಸ್ಕೂಲಿನಲ್ಲಿದ್ದೆವು. ಕೇರಿಯ ಹನ್ನೆರಡು ಜನ ಹೆಂಗಸರು ಅವತ್ತಿನ ಕೂಲಿ ಬಿಟ್ಟು ಶಾಲೆಯ ಬೆಂಚಿನ ಮೇಲೆ ಕೂತರು. ಉತ್ತರವೆಲ್ಲ ಬೋರ್ಡಿನ ಮೇಲಿತ್ತು. 'ಅಲ್ಲಿದ್ದದ್ದ ನೋಡ್ಕಂಡು ಇಳಿಸ್ಬುಟ್ಟೆ ಕಣ್ ಮಗ' ಎಂದು ರಾತ್ರಿ ಅವ್ವ ನಕ್ಕಳು. ಸರ್ಟಿಫಿಕೇಟು ಬಂತು, 'ಎ' ಶ್ರೇಣಿ. ಬಾಬಾಸಾಹೇಬರ ಪಟದ ಪಕ್ಕ ಮೊಳೆ ಹೊಡೆದು ತೂಗುಹಾಕಿದೆವು. ಆದರೆ ಸಂಘದ ಸಾಲದ ಪುಸ್ತಕ ಬಂದಾಗಲೆಲ್ಲ ಅವ್ವ ಅದನ್ನು ನಮ್ಮ ಕೈಗೇ ಕೊಡುತ್ತಿದ್ದಳು. 'ಎಷ್ಟ್ ಬರ್ದವ್ರೆ ನೋಡು ಮಗ.'

ಇದನ್ನು ಅವ್ವನ ಸೋಲು ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಅವ್ವನಿಗೆ ಅಂಕ ಕೊಟ್ಟವರಿಗೆ ಅಂಕ ಕೊಡುವವರು ಯಾರು ಎಂಬುದೇ ನಮ್ಮ ಪ್ರಶ್ನೆ.

1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾದಾಗ ಸರ್ಕಾರ ಸಾಕ್ಷರತೆಗೆ ಒಂದು ಅರ್ಥ ಕೊಟ್ಟಿತು. ಓದು, ಬರಹ, ಲೆಕ್ಕ ಅಷ್ಟೇ ಅಲ್ಲ. ತಾವು ಯಾಕೆ ವಂಚಿತರಾಗಿದ್ದೇವೆ ಎಂದು ಅರಿಯುವುದು, ಸಂಘಟಿತರಾಗಿ ಆ ಸ್ಥಿತಿಯಿಂದ ಹೊರಬರುವತ್ತ ಸಾಗುವುದು ಕೂಡ ಸಾಕ್ಷರತೆಯೇ ಎಂಬುದು ಅದರ ಸಾರ. ನಮ್ಮ ಕರಪತ್ರದಲ್ಲಿರಬೇಕಾದ ಮಾತು ಸರ್ಕಾರದ ಕಡತದಲ್ಲಿತ್ತು! ಆದರೆ ಅಳೆಯಲು ಹೊರಟಾಗ ಏನಾಯಿತು? ನಿಮಿಷಕ್ಕೆ 30 ಪದ ಗಟ್ಟಿಯಾಗಿ ಓದಬೇಕು, 7 ಪದ ನೋಡಿ ಬರೆಯಬೇಕು, 5 ಪದ ಕೇಳಿ ಬರೆಯಬೇಕು, 1ರಿಂದ 100ರವರೆಗೆ ಅಂಕಿ ಗೊತ್ತಿರಬೇಕು. ವಂಚನೆಯ ಕಾರಣ ಅರಿಯುವುದಕ್ಕೆ ಈ ಅಳತೆಯಲ್ಲಿ ಜಾಗವೇ ಇರಲಿಲ್ಲ.

ಒಳ್ಳೆಯ ಯೋಚನೆಗಳೂ ಇದ್ದವು ಎಂಬುದನ್ನು ಮರೆಮಾಚಬಾರದು. ಆಗಿನ ಮೂರು ಪ್ರವೇಶಿಕೆಗಳಲ್ಲಿ ಪರೀಕ್ಷೆಗಳೂ ಪಾಠದ ಜೊತೆಗೇ ಅಚ್ಚಾಗಿದ್ದವು. ಕಲಿಯುವವರು ತಮ್ಮ ವೇಗದಲ್ಲಿ ತಮ್ಮನ್ನೇ ನೋಡಿಕೊಳ್ಳಲಿ ಎಂಬ ಆಸೆ ಅದರಲ್ಲಿತ್ತು. ಆದರೆ ದೆಹಲಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ಪಂಚಾಯಿತಿಗೆ ಇಳಿದು ಬಂದದ್ದು ಗುರಿ. ಪಂಚಾಯಿತಿಯಿಂದ ಮೇಲಕ್ಕೆ ಹತ್ತಿ ಹೋಗಬೇಕಾದದ್ದು ಸಂಖ್ಯೆ. ಕಲಿಸುವವರು, ಪರೀಕ್ಷೆ ನಡೆಸುವವರು, ವರದಿ ಬರೆಯುವವರು ಎಲ್ಲರೂ ಒಂದೇ ಸರಪಳಿಯವರು. ಸಂಖ್ಯೆ ಕಡಿಮೆಯಾದರೆ ಎಲ್ಲರಿಗೂ ಕಷ್ಟ. ಗೌಡರ ಕಣದಲ್ಲಿ ಗೌಡರ ಸೇರಿನಲ್ಲೇ ಕೂಲಿ ಅಳೆಸಿಕೊಂಡವರ ಮಕ್ಕಳು ನಾವು. ಸೇರು ಯಾರದು ಎಂದು ಕೇಳುವುದು ನಮಗೆ ಗೊತ್ತು.

ಹಾಗಂತ ಪಾಠ ಹೇಳಿದವಳನ್ನು ಬೈಯುವುದು ಅನ್ಯಾಯ. 2009ರ ಸಾಕ್ಷರ ಭಾರತ ಯೋಜನೆಯಲ್ಲಿ ಪಂಚಾಯಿತಿಗೆ ಇಬ್ಬರು ಪ್ರೇರಕರು, ತಲೆಗೆ ತಿಂಗಳಿಗೆ 2000 ರೂಪಾಯಿ ಗೌರವಧನ. ಅವರ ಕೆಳಗೆ ಪಾಠ ಹೇಳುವ ಸ್ವಯಂಸೇವಕರಿಗೆ ಸಂಬಳವಿಲ್ಲ. 2018ರ ಮಾರ್ಚ್‌ಗೆ ಆ ಯೋಜನೆಯೇ ಮುಗಿಯಿತು. 2022ರಲ್ಲಿ ಬಂದ ಹೊಸ ಯೋಜನೆ ಐದು ವರ್ಷಕ್ಕೆ 5 ಕೋಟಿ ಜನರನ್ನು ಗುರಿಯಾಗಿಟ್ಟುಕೊಂಡಿತು, ಹಣ 1037.90 ಕೋಟಿ. ಭಾಗಿಸಿ ನೋಡಿ, ತಲೆಗೆ 208 ರೂಪಾಯಿ ಮುಟ್ಟುವುದಿಲ್ಲ. ಈ ದುಡ್ಡಿನಲ್ಲಿ ಪುಸ್ತಕ, ತರಬೇತಿ, ಪರೀಕ್ಷೆ, ಅದರ ಮೇಲೆ ಗುಣಮಟ್ಟ! ಆಗ ಪರೀಕ್ಷೆ 150 ಅಂಕಕ್ಕೆ, ಈಗಲೂ 150 ಅಂಕಕ್ಕೆ. ಅಂಕವೆಲ್ಲ ಕಲಿಯುವವಳಿಗೇ. ಕಲಿಸುವ ವ್ಯವಸ್ಥೆ ಎಂದಾದರೂ ಪರೀಕ್ಷೆಗೆ ಕೂತಿದೆಯೆ?

2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ. 75.36, ಹೆಂಗಸರದು ಶೇ. 68.08, ಯಾದಗಿರಿ ಜಿಲ್ಲೆಯದು ಶೇ. 51.83. ಇವೂ ಮನೆ ಬಾಗಿಲಲ್ಲಿ ಕೇಳಿ ಬರೆದುಕೊಂಡ ಉತ್ತರಗಳೇ; ಯಾರ ಕೈಗೂ ಹಾಳೆ ಕೊಟ್ಟು ಓದಿಸಿದ್ದಲ್ಲ.

ಹಾಗಾದರೆ ನಿಜವಾದ ಗುಣಮಟ್ಟ ಯಾವುದು? ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯನ್ನು ನೋಡಿ. ತೊಂಬತ್ತರ ದಶಕದ ಮೊದಲಲ್ಲಿ, ಇದೇ ಸಾಕ್ಷರತಾ ಆಂದೋಲನದ ಪುಸ್ತಕದಲ್ಲಿ ಸಾರಾಯಿಗೆ ಸಿಕ್ಕ ಸಂಸಾರದ ಕತೆಯೊಂದಿತ್ತು, ಸೀತಮ್ಮನ ಕತೆ. ದೂಬಗುಂಟದ ಹೆಂಗಸರು ಅದನ್ನು ಓದಿ ಸುಮ್ಮನೆ ಕೂರಲಿಲ್ಲ. ತಮ್ಮೂರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಚಳವಳಿ ಊರೂರಿಗೆ ಹಬ್ಬಿತು. 1993ರಲ್ಲಿ ಸರ್ಕಾರ ಸಾರಾಯಿ ನಿಷೇಧಿಸಬೇಕಾಯಿತು. ಆ ಹೆಂಗಸರು ನಿಮಿಷಕ್ಕೆ ಎಷ್ಟು ಪದ ಓದುತ್ತಿದ್ದರೋ ಏನೋ, 1988ರ ಆ ದೊಡ್ಡ ಮಾತಿಗೆ ಅರ್ಥ ಬರೆದವರು ಅವರೇ.

ಆದ್ದರಿಂದ ನಾವು ಕೇಳುವುದಿಷ್ಟು. ಪರೀಕ್ಷೆಯಲ್ಲಿ ನಮ್ಮ ಬದುಕನ್ನು ಆಳುವ ಕಾಗದಗಳನ್ನೇ ಕೊಡಿ: ಪಡಿತರ ಚೀಟಿ, ಕೂಲಿಯ ಹಾಜರಿ ಪಟ್ಟಿ, ಪಹಣಿ, ಸಾಲದ ಪುಸ್ತಕ. ಒಂದು ವರ್ಷ ಬಿಟ್ಟು ಮತ್ತೆ ಬಂದು ನೋಡಿ, ಕಲಿತದ್ದು ಉಳಿದಿದೆಯೋ ಇಲ್ಲವೋ. ಕಲಿಸುವವರಿಗೆ ಕೂಲಿ ಕೊಡಿ. ಕೇಂದ್ರ ಎಷ್ಟು ದಿನ ತೆರೆದಿತ್ತು, ಪುಸ್ತಕ ಯಾವಾಗ ಬಂತು, ಕೇರಿಯೊಳಗೆ ಪಾಠ ನಡೆಯಿತೋ ಇಲ್ಲವೋ ಎಂಬುದಕ್ಕೆ ಕಲಿತವರೇ ಗ್ರಾಮಸಭೆಯಲ್ಲಿ ಅಂಕ ಕೊಡಲಿ. ಮೇಷ್ಟ್ರೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮೂರಲ್ಲಿ ಪರೀಕ್ಷೆ ನಡೆದರೆ ಬೋರ್ಡು ಒರೆಸಿ. ಫೇಲಾದರೂ ಚಿಂತೆಯಿಲ್ಲ, ಸುಳ್ಳು ಪಾಸು ಬೇಡ. ಸುಳ್ಳು ಪಾಸಾದವಳಿಗೆ ಮತ್ತೆ ಪಾಠ ಹೇಳಲು ಯಾರೂ ಬರುವುದಿಲ್ಲ.

ಕಳೆದ ತಿಂಗಳು ನಾವು ಸಾಲದ ಪುಸ್ತಕವನ್ನು ಅವ್ವನಿಗೆ ಓದಿ ಹೇಳಲಿಲ್ಲ. ಪಕ್ಕದಲ್ಲಿ ಕೂತೆವು, ಅಷ್ಟೆ. ಬೆರಳಿಟ್ಟುಕೊಂಡು ಒಂದೊಂದೇ ಅಂಕಿ ಓದಿದಳು. ಒಂದು ಗಂಟೆ ಹಿಡಿಯಿತು. ಕಟ್ಟಿದ್ದ ಒಂದು ಕಂತು ಅದರಲ್ಲಿ ಏರಿರಲಿಲ್ಲ. 'ಇದ್ಯಾಕ್ ಬರ್ದಿಲ್ಲ ಅಂತ ನಾನೇ ಕೇಳ್ತೀನಿ, ನೀನ್ ಬರ್ಬ್ಯಾಡ' ಎಂದಳು.