ಬಸ್ಸು ಹಿಡಿಯುವ ವಿದ್ಯಾರ್ಥಿ ಚಿತ್ರದಲ್ಲೇಕಿಲ್ಲ?

ಪಿಯುಸಿ ಫಲಿತಾಂಶ ಹೊರಬಿದ್ದೊಡನೆ ನಮ್ಮ ಊರುಗಳಿಗೆ ಬಣ್ಣಬಣ್ಣದ ಪ್ರಾಸ್ಪೆಕ್ಟಸ್‌ಗಳು ಬರತೊಡಗುತ್ತವೆ. ಡಿಜಿಟಲ್ ಡಿಸೈನ್ ಮತ್ತು ಬಿಸಿನೆಸ್ ಎರಡನ್ನೂ ಒಂದೇ ಸೂರಿನಡಿ ಕಲಿಸುತ್ತೇವೆನ್ನುವ ವಿಶ್ವವಿದ್ಯಾಲಯಗಳ ಪುಸ್ತಿಕೆಗಳೂ ಅವುಗಳಲ್ಲಿವೆ. ನಂಜನಗೂಡು, ತಿ. ನರಸೀಪುರಗಳಲ್ಲಿ ಕುಳಿತು ಇಂಥ ಕೆಲವನ್ನು ನಾವು ಓದಿದೆವು. ಪುಸ್ತಿಕೆಯೂ ಒಂದು ಕೃತಿಯೇ. ಅದರಲ್ಲೂ ವಿನ್ಯಾಸ ಕಲಿಸುವವರು ತಾವೇ ವಿನ್ಯಾಸಗೊಳಿಸಿದ ಕೃತಿ. ಅದನ್ನು ವಿಮರ್ಶೆಗೆ ಒಳಪಡಿಸುವುದರಲ್ಲಿ ತಪ್ಪಿಲ್ಲ.

'ಕ್ಯಾಂಪಸ್ ಬದುಕು' ಎಂಬ ಪುಟವನ್ನೇ ನೋಡಿ. ಹುಲ್ಲುಹಾಸು, ಲ್ಯಾಪ್‌ಟಾಪ್, ಸಂಜೆಯ ದೀಪಗಳು, ಗಿಟಾರ್. ಚಿತ್ರ ಚೆಂದವಿದೆ. ಆದರೆ ಇದರಲ್ಲಿರುವವರೆಲ್ಲ ಹಾಸ್ಟೆಲಿನವರು. ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿ.ಮೀ.; ರೈಲಾದರೂ ಇದೆ. ತಿ. ನರಸೀಪುರದಿಂದ ಸುಮಾರು 30 ಕಿ.ಮೀ.; ಅಲ್ಲಿಗೆ ರೈಲಿಲ್ಲ, ಬಸ್ಸೇ ಗತಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಟಿಕೆಟಿನ ಚಿಂತೆ ತಪ್ಪಿತು. ಹೊತ್ತಿನ ಚಿಂತೆ ತಪ್ಪಲಿಲ್ಲ. ಕ್ಲಬ್ಬು, ಸ್ಪರ್ಧೆ, ಉದ್ಯಮಿಗಳೊಡನೆ ಮಾತುಕತೆ ಎಲ್ಲವೂ ತರಗತಿ ಮುಗಿದ ಮೇಲೆ ನಡೆಯುವುದಾದರೆ, ಕತ್ತಲಾಗುವ ಮುನ್ನ ಮನೆ ಸೇರಬೇಕಾದ ಹುಡುಗಿ ಅವುಗಳಲ್ಲಿ ಇರುವುದು ಹೇಗೆ? ಮುಂದೆ ಕೆಲಸಕ್ಕೆ ದಾರಿ ತೋರುವ ಪರಿಚಯಗಳು ಬೆಳೆಯುವುದು ಅಲ್ಲೇ ಅಲ್ಲವೇ? ಅವಳು ಶುಲ್ಕವನ್ನು ಪೂರ್ತಿ ಕಟ್ಟುತ್ತಾಳೆ, ಕ್ಯಾಂಪಸ್ಸನ್ನು ಅರ್ಧ ಮಾತ್ರ ಪಡೆಯುತ್ತಾಳೆ.

ಎರಡನೆಯ ಕೊರತೆ ಇನ್ನೂ ಆಳವಾದುದು. ವಿನ್ಯಾಸವೆಂಬುದು ಎಲ್ಲೋ ದೂರದಿಂದ ಬರಬೇಕಾದ ವಸ್ತು ಎಂದು ಈ ಪುಸ್ತಿಕೆಗಳು ನಂಬಿದಂತಿದೆ. ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರಕಾರಕ್ಕೆ ಒಂದು ವರದಿ ಕೊಟ್ಟರು. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಈ ನಾಡಿನ ವಸ್ತುಗಳಲ್ಲಿ ಅವರು ಮನಸಾರೆ ಮೆಚ್ಚಿದ್ದು ಯಾವುದನ್ನು? ಲೋಟವನ್ನು, ನಮ್ಮ ಅಜ್ಜಿಯರು ನೀರು ತುಂಬಿಡುತ್ತಿದ್ದ ಚೊಂಬನ್ನು! ಅದನ್ನು ಯಾವೊಬ್ಬ ವಿನ್ಯಾಸಕನೂ ಮಾಡಿದ್ದಲ್ಲ. ತಲೆಮಾರುಗಳ ಕೈಗಳು ತಿದ್ದಿ ತಿದ್ದಿ ಮಾಡಿದ್ದು.

ಹಾಗಿರುವಾಗ ನಮ್ಮ ಎರಡು ತಾಲ್ಲೂಕುಗಳೇನು ಬಡವೇ? ತಿ. ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚಣಿಕೆ ಕಾರ್ಖಾನೆಯಿದೆ. ಗೂಡಿನಿಂದ ಬಿಚ್ಚಿದ ಎಳೆ ಮೈಸೂರಿನಲ್ಲಿ ಸೀರೆಯಾಗುತ್ತದೆ. ಟಿಪ್ಪುವಿನ ಕಾಲದಲ್ಲಿ ಬೇರೂರಿದ ಈ ಕಸುಬು ಇಂದು ಭೌಗೋಳಿಕ ಸೂಚಕದ ರಕ್ಷಣೆ ಪಡೆದ ವ್ಯಾಪಾರ. ನಂಜನಗೂಡಿನಲ್ಲಿ ಬಿ.ವಿ. ಪಂಡಿತರು 1913ರಲ್ಲಿ ಆರಂಭಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಊರಿನ ಹೆಸರನ್ನೇ ಮನೆಮನೆಗೆ ಮುಟ್ಟಿಸಿತು. ವಿನ್ಯಾಸವೂ ವ್ಯಾಪಾರವೂ ಕೂಡಿದ ಪಾಠ ಇದಕ್ಕಿಂತ ಬೇಕೇ? ನಾವು ನೋಡಿದ ಪುಸ್ತಿಕೆಗಳ ಮಾದರಿ ಕೆಲಸಗಳಲ್ಲಿ ಇದರ ಸುಳಿವಿಲ್ಲ. ಕಾಫಿ ಅಂಗಡಿಯ ಲೋಗೊ, ಊಟ ತರಿಸುವ ಆ್ಯಪ್, ಎಲ್ಲವೂ ಇಂಗ್ಲಿಷಿನಲ್ಲಿ.

ಕನ್ನಡ ಅಕ್ಷರ ಹಾಕಿದಾಗಲೂ ಎಡವಟ್ಟು ತಪ್ಪಿದ್ದಲ್ಲ. ಕೆಲವು ವಿನ್ಯಾಸ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಸರಿಯಾಗಿ ಮಾಡದಿದ್ದರೆ 'ರೇಷ್ಮೆ'ಯ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಜಾರಿ ನಿಲ್ಲುತ್ತದೆ. ಇದು ಅರ್ಧ ಗಂಟೆಯಲ್ಲಿ ಕಲಿಸಬಹುದಾದ ವಿದ್ಯೆ. ಕಲಿಸದಿದ್ದರೆ ನಮ್ಮೂರಿನ ಅಂಗಡಿಯ ಫಲಕ ಪದವೀಧರನ ಕೈಯಲ್ಲೂ ತಪ್ಪಾಗಿಯೇ ಉಳಿಯುತ್ತದೆ.

ಮಾರುಕಟ್ಟೆ ಇಂಗ್ಲಿಷನ್ನೇ ಕೇಳುತ್ತದೆ ಎಂಬ ಉತ್ತರ ಬರಬಹುದು. ಇಂಗ್ಲಿಷ್ ಬೇಡವೆಂದು ನಾವೂ ಹೇಳುತ್ತಿಲ್ಲ. ತಪ್ಪು ಶಾಲೆಗಳದ್ದು ಮಾತ್ರವೂ ಅಲ್ಲ. ಎಷ್ಟು ಸಂಬಳ ಸಿಗುತ್ತದೆ ಎಂದು ಕೇಳುವ ನಾವು, ಮಕ್ಕಳು ಅಲ್ಲಿ ಏನು ಮಾಡಿದರು ಎಂದು ಎಂದಾದರೂ ಕೇಳಿದ್ದೇವೆಯೇ?

ಮುಂದಿನ ಪುಸ್ತಿಕೆ ಅಚ್ಚಾಗುವ ಮುನ್ನ ಮೂರು ಬದಲಾವಣೆಗಳಾಗಲಿ. ಚಟುವಟಿಕೆಗಳು ಹಗಲಿನ ವೇಳಾಪಟ್ಟಿಯೊಳಗೆ ಬರಲಿ. ಒಂದು ಪ್ರಾಜೆಕ್ಟಾದರೂ ವಿದ್ಯಾರ್ಥಿಯ ಊರಿನದ್ದಾಗಲಿ. ಕನ್ನಡ ಅಕ್ಷರ ಜೋಡಣೆ ಎಲ್ಲರಿಗೂ ಪಾಠವಾಗಲಿ. ಆಗ ನಂಜನಗೂಡಿನ ಬಸ್ಸಿಗೆ ಕಾಯುವ ಹುಡುಗಿಯೂ ಆ ಚಿತ್ರದಲ್ಲಿ ತನ್ನನ್ನು ಕಂಡಾಳು.