ಹೊಸ್ತಿಲಲ್ಲೇ ಉಳಿದ ಪ್ರೇಕ್ಷಕ

ನಮ್ಮಲ್ಲಿ ಸಿನೆಮಾ ವಿಮರ್ಶೆ ಎಂದರೆ ಕಥೆ, ಅಭಿನಯ, ಕ್ಯಾಮೆರಾ, ಸಂಗೀತಗಳಿಗೆ ಮುಗಿದುಹೋಗುತ್ತದೆ. ಚಿತ್ರವೊಂದು ಮನೆಯೊಳಗೆ ಬರುವ ಬಾಗಿಲು ಹೇಗಿದೆ ಎಂದು ಕೇಳುವವರು ಕಡಿಮೆ. ಡಿವಿಡಿಯನ್ನು ಪ್ಲೇಯರ್‌ಗೆ ಹಾಕಿದೊಡನೆ ಟಿ.ವಿ. ತೆರೆಯ ಮೇಲೆ ಒಂದು ಪುಟ ಮೂಡುತ್ತಿತ್ತು. ಹಿನ್ನೆಲೆಯಲ್ಲಿ ಒಂದು ದೃಶ್ಯ, ಮತ್ತೆ ಮತ್ತೆ ಮೊದಲಿನಿಂದ ಮೊಳಗುವ ಸಂಗೀತದ ತುಣುಕು, ಆರಿಸಿಕೊಳ್ಳಲು ಮೂರು ನಾಲ್ಕು ಗುಂಡಿಗಳು. ಇದೇ ಮೆನು. ನಿರ್ದೇಶಕ ತೋರಿಸಬೇಕೆಂದುಕೊಂಡ ಮೊದಲ ದೃಶ್ಯಕ್ಕಿಂತ ಮುಂಚೆಯೇ ನೋಡುಗನ ಕಣ್ಣಿಗೆ ಬೀಳುತ್ತಿದ್ದುದು ಇದು. ಆದ್ದರಿಂದ ಅದು ಬರೀ ಅಲಂಕಾರವಲ್ಲ, ಚಿತ್ರದ ಬಗ್ಗೆ ಯಾರೋ ಮೊದಲೇ ಹೇಳಿಬಿಟ್ಟ ಅಭಿಪ್ರಾಯ.

ಸ್ಟಾರ್ ನಟರ ಚಿತ್ರಕ್ಕೆ ಇದು ದೊಡ್ಡ ವಿಷಯವಲ್ಲ. ಅದನ್ನು ಜನ ಟಾಕೀಸಿನಲ್ಲಿ ನೋಡಿಯೇ ಇರುತ್ತಾರೆ. ಆದರೆ ಗಿರೀಶ್ ಕಾಸರವಳ್ಳಿಯವರ 'ಹಸೀನಾ' (2004), 'ಗುಲಾಬಿ ಟಾಕೀಸ್' (2008) ಅಂಥ ಚಿತ್ರಗಳು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಂಥ ತಾಲೂಕು ಕೇಂದ್ರಗಳ ಟಾಕೀಸಿಗೆ ಬರುವುದೇ ಅಪರೂಪ. ಇಂಥ ಊರುಗಳಿಗೆ ಆ ಕಾಲದಲ್ಲಿ ಅವು ತಲುಪಬಹುದಾಗಿದ್ದ ದಾರಿ ಎಂದರೆ ಟಿ.ವಿ. ಇಲ್ಲವೇ ಬಾಡಿಗೆಗೆ ತಂದ ಡಿಸ್ಕು. ಹಾಗಾಗಿ ಅಂಥ ಚಿತ್ರದ ಮೆನು ಯಾರನ್ನು ಒಳಗೆ ಕರೆಯುತ್ತದೆ, ಯಾರನ್ನು ಹೊರಗೆ ನಿಲ್ಲಿಸುತ್ತದೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ಡಿವಿಡಿ ಬರುವ ಮುಂಚೆ ನಮ್ಮ ಮನೆಗಳಲ್ಲಿ ವಿಸಿಡಿಯದೇ ರಾಜ್ಯಭಾರ. ಒಂದು ಡಿಸ್ಕಿನಲ್ಲಿ ಹಿಡಿಸುತ್ತಿದ್ದುದು ಸುಮಾರು ಒಂದೂಕಾಲು ಗಂಟೆಯ ಚಿತ್ರ. ಸಿನೆಮಾ ಅರ್ಧಕ್ಕೆ ನಿಂತಾಗ ಎದ್ದು ಎರಡನೆಯ ಡಿಸ್ಕು ಹಾಕಬೇಕಿತ್ತು. ಆದರೆ ಅದರಲ್ಲಿ ಒಂದು ಅನುಕೂಲವಿತ್ತು: ಹಾಕಿದರೆ ಓಡುತ್ತಿತ್ತು, ಓದಬೇಕಾದ್ದು ಹೆಚ್ಚೇನೂ ಇರುತ್ತಿರಲಿಲ್ಲ. 1996ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ಡಿವಿಡಿ ಸ್ಪಷ್ಟ ಚಿತ್ರದ ಜೊತೆಗೆ ಆಯ್ಕೆಗಳನ್ನೂ ತಂದಿತು. ಒಂದೇ ಚಿತ್ರಕ್ಕೆ 8 ಧ್ವನಿಪಥ, 32 ಬಗೆಯ ಅಡಿಬರಹ ಅಳವಡಿಸಲು ಅದರಲ್ಲಿ ಅವಕಾಶವಿತ್ತು. ಆಯ್ಕೆ ಹೆಚ್ಚಿದಂತೆ ಓದಬೇಕಾದ್ದೂ ಹೆಚ್ಚಿತು. ಓದಬೇಕಾದ್ದು ಯಾವ ಭಾಷೆಯಲ್ಲಿ?

ನಮ್ಮ ಕೈಗೆ ಬಂದ ಕನ್ನಡ ಡಿಸ್ಕುಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದವು. 'ಪ್ಲೇ', 'ಸೀನ್ ಸೆಲೆಕ್ಷನ್', 'ಸಾಂಗ್ಸ್'. ಚಿತ್ರ ಕನ್ನಡದ್ದು, ನೋಡುಗ ಕನ್ನಡದವನು, ಬಾಗಿಲ ಮೇಲಿನ ಬೋರ್ಡು ಮಾತ್ರ ಇಂಗ್ಲಿಷ್! ಹುಣಸೂರಿನ ಹೆಸರನ್ನು ಬೆಳ್ಳಿತೆರೆಗೆ ತಂದವರು ಹುಣಸೂರು ಕೃಷ್ಣಮೂರ್ತಿ. ಅವರು 1965ರಲ್ಲಿ 'ಸತ್ಯ ಹರಿಶ್ಚಂದ್ರ' ಮಾಡಿದ ಕಾಲದಲ್ಲಿ ಕಲಾವಿದರು ಚಿತ್ರದ ಶೀರ್ಷಿಕೆಗಳನ್ನು ಕೈಯಲ್ಲೇ ಕನ್ನಡದಲ್ಲಿ ಬರೆಯುತ್ತಿದ್ದರು. ಅಂದು ಕುಂಚಕ್ಕೆ ಸಾಧ್ಯವಾದದ್ದು ಕಂಪ್ಯೂಟರಿಗೆ ಏಕೆ ಆಗಲಿಲ್ಲ?

'ಸಾಫ್ಟ್‌ವೇರಿನಲ್ಲಿ ಕನ್ನಡ ಒಡೆಯುತ್ತದೆ, ಒತ್ತಕ್ಷರ ಕೂರುವುದಿಲ್ಲ' ಎಂಬ ಸಬೂಬು ಇಲ್ಲಿ ನಿಲ್ಲುವುದಿಲ್ಲ. ಡಿವಿಡಿಯ ಮೆನು ಅಕ್ಷರವಲ್ಲ, ಚಿತ್ರ. ನುಡಿಯಲ್ಲೋ ಬರಹದಲ್ಲೋ ಬರೆದ ಪದವನ್ನು, ಅಷ್ಟೇಕೆ, ಕಾಗದದ ಮೇಲೆ ಕೈಯಲ್ಲಿ ಬರೆದದ್ದನ್ನು ಸ್ಕ್ಯಾನ್ ಮಾಡಿ ಕೂರಿಸಿದರೂ ಸಾಕಿತ್ತು. ಅಡಿಬರಹಗಳೂ ಡಿಸ್ಕಿನಲ್ಲಿ ಚಿತ್ರಗಳಾಗಿಯೇ ಇರುತ್ತವೆ. ನಿಜವಾದ ಕಷ್ಟ ಬೇರೆಯದು. ಹಳೆಯ ಡಬ್ಬಿ ಟಿ.ವಿ.ಗಳು ಚಿತ್ರದ ಅಂಚನ್ನು ಕತ್ತರಿಸಿ ತೋರಿಸುತ್ತಿದ್ದವು, ತೆಳು ಗೆರೆಗಳು ಅವುಗಳಲ್ಲಿ ಮಿನುಗಿ ನಡುಗುತ್ತಿದ್ದವು. ಸಣ್ಣ ಒತ್ತಕ್ಷರ ಅಲ್ಲಿ ಕರಗಿಹೋಗುತ್ತದೆ. ಆರಿಸಿದ ಗುಂಡಿಯನ್ನು ಬೆಳಗಿಸುವ ಪದರಕ್ಕೆ ಇದ್ದದ್ದು ನಾಲ್ಕೇ ಬಣ್ಣ. ಇದಕ್ಕೆಲ್ಲ ಪರಿಹಾರ ಸರಳ: ದಪ್ಪ ಅಕ್ಷರ, ಅಂಚಿನಿಂದ ದೂರ, ಕಡಿಮೆ ಪದ, ಆರಿಸಿದ್ದರ ಪಕ್ಕದಲ್ಲೊಂದು ಬೊಟ್ಟು. ಓದು ಬಾರದ ಅಜ್ಜಿಯೂ ರಿಮೋಟಿನ ಒಂದು ಗುಂಡಿ ಒತ್ತಿದರೆ ಚಿತ್ರ ಶುರುವಾಗಬೇಕು.

ಮೆನುವನ್ನೇ ಒಂದು ಕಲೆಯಾಗಿಸಿದವರೂ ಇದ್ದಾರೆ. ಕ್ರಿಸ್ಟೋಫರ್ ನೋಲನ್‌ರ 'ಮೆಮೆಂಟೊ' ಚಿತ್ರದ 2002ರ ವಿಶೇಷ ಆವೃತ್ತಿಯಲ್ಲಿ ಮೆನು ಮನೋವೈದ್ಯರ ಪರೀಕ್ಷೆಯ ರೂಪದಲ್ಲಿತ್ತು. ಪ್ರಶ್ನೆಗಳನ್ನು ದಾಟಿಯೇ ಚಿತ್ರಕ್ಕೆ ಹೋಗಬೇಕು. ನೆನಪು ಕಳೆದುಕೊಂಡವನ ಕಥೆಗೆ ಆ ಗೊಂದಲ ಒಪ್ಪುತ್ತದೆ. ಆದರೆ ಆ ಜಾಣತನ ಎಲ್ಲ ಚಿತ್ರಗಳಿಗೂ ಹೊಂದುವುದಿಲ್ಲ. ಬಾಗಿಲು ಹುಡುಕಿಕೊಂಡು ಬರುವ ನೋಡುಗ ಸಿದ್ಧನಿರುವಲ್ಲಿ ಮಾತ್ರ ಅದು ಸಲ್ಲುತ್ತದೆ.

'ಹಸೀನಾ'ದಂಥ ಚಿತ್ರಕ್ಕೆ ಮೆನು ಮಾಡುವವನ ಮುಂದೆ ಭಾಷೆಗಿಂತ ಕಠಿಣವಾದ ಇನ್ನೊಂದು ಪ್ರಶ್ನೆಯಿದೆ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯನ್ನು ಆಧರಿಸಿದ ಈ ಚಿತ್ರ ಕುಟುಂಬ ಕಲ್ಯಾಣ ವಿಷಯದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ನಟಿ ತಾರಾ ಅವರಿಗೂ ವಸ್ತ್ರವಿನ್ಯಾಸಕ್ಕೂ ಪ್ರಶಸ್ತಿ ಬಂತು. ಗಂಡ ಕೈಬಿಟ್ಟ ತಾಯಿಯೊಬ್ಬಳು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುತವಲ್ಲಿಯ ಬಳಿ ನ್ಯಾಯ ಕೇಳುವ ಕಥೆ ಇದು. ಮುಸ್ಲಿಮ್ ವಸ್ತು ಎಂದೊಡನೆ ಸಾಮಾನ್ಯವಾಗಿ ವಿನ್ಯಾಸಕಾರನ ಕೈಗೆ ಸಿಗುವುದು ಮಿನಾರು, ಅರ್ಧಚಂದ್ರ, ಬುರ್ಖಾದೊಳಗಿನ ಎರಡು ಕಣ್ಣು. ಇದನ್ನು ಹಿನ್ನೆಲೆಗೆ ಹಾಕಿ ಸಾರಂಗಿಯನ್ನು ಸುತ್ತುತ್ತಾ ಬಿಟ್ಟರೆ ಕೆಲಸ ಮುಗಿಯಿತು! ಚಿತ್ರ ಶುರುವಾಗುವ ಮುಂಚೆಯೇ ಮುಸ್ಲಿಮೇತರ ನೋಡುಗನಿಗೆ 'ಇದು ಅವರ ಕಥೆ' ಎಂದು ಹೇಳಿದಂತಾಯಿತು. ಮುಸ್ಲಿಮ್ ನೋಡುಗನಿಗೆ 'ಮತ್ತೆ ನಮ್ಮನ್ನು ಕಟಕಟೆಗೆ ಏರಿಸಿದರು' ಎನ್ನಿಸಿ ಅವನು ರಿಮೋಟು ಕೆಳಗಿಟ್ಟ. ಇಬ್ಬರೂ ಹೊಸ್ತಿಲಲ್ಲೇ ಉಳಿದರು.

ಹಾಗೆಂದು ಮಸೀದಿಯನ್ನೇ ಅಳಿಸಿ ಹೂವಿನ ಚಿತ್ರ ಹಾಕುವುದು ಉತ್ತರವಲ್ಲ. ಅದು ಬಾನು ಅವರ ಪ್ರಶ್ನೆಯನ್ನೇ ಮುಚ್ಚಿಡುವ ಕೆಲಸ. ಧರ್ಮ ಕೊಟ್ಟ ಹಕ್ಕನ್ನು ಧರ್ಮದ ಹೆಸರಿನವರು ಏಕೆ ತಡೆಯುತ್ತಾರೆ ಎಂಬ ಆ ಪ್ರಶ್ನೆಯನ್ನು ಸಮುದಾಯ ಎದುರಿಸಲೇಬೇಕು. ಮೆನುವಿನಲ್ಲಿ ಕಾಣಬೇಕಾದ್ದು ಧರ್ಮದ ಲಾಂಛನವಲ್ಲ, ಆ ತಾಯಿಯ ಕಾಯುವಿಕೆ. ಕಾಯುತ್ತಾ ಕೂತ ಹೆಣ್ಣು ಯಾವ ಮನೆಗೂ ಅಪರಿಚಿತಳಲ್ಲ. ಸಂಗೀತವೇ ಬೇಡ, ಬೀದಿಯ ಸಹಜ ಸದ್ದು ಸಾಕು. ದೃಶ್ಯಗಳ ಪಟ್ಟಿಯಲ್ಲಿ ಕೊನೆಯ ದೃಶ್ಯದ ಚಿತ್ರ ಹಾಕಿ ಕಥೆಯ ಗುಟ್ಟು ಬಿಡಬಾರದು. ಹಾಡಿಲ್ಲದ ಚಿತ್ರಕ್ಕೆ ಹಾಡಿನ ಪುಟವನ್ನು ಎಲ್ಲಿಂದಲೋ ತಂದು ಅಂಟಿಸಬಾರದು.

'ಗುಲಾಬಿ ಟಾಕೀಸ್' ಈ ಮಾತನ್ನು ಇನ್ನೂ ಸ್ಪಷ್ಟಗೊಳಿಸುತ್ತದೆ. ಕುಂದಾಪುರ ಸೀಮೆಯ ಸೂಲಗಿತ್ತಿ ಗುಲಾಬಿಯ ಮನೆಗೆ ಟಿ.ವಿ. ಬಂದಾಗ ಊರ ಹೆಂಗಸರು ಜಾತಿ ಧರ್ಮದ ಹೊಸ್ತಿಲು ದಾಟಿ ಅಲ್ಲಿ ಕೂರುತ್ತಾರೆ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ ಅದು. ತೆರೆಯ ಮುಂದೆ ಹುಟ್ಟಿದ ಆ ಸ್ನೇಹ ಎಷ್ಟು ನಾಜೂಕಿನದು ಎಂಬುದೇ ಚಿತ್ರದ ಸಂಕಟ. ಒಟ್ಟಿಗೆ ಕೂತು ನೋಡುವುದರ ಬಗ್ಗೆ ಇರುವ ಚಿತ್ರವೊಂದು ಮನೆಗೆ ಬರುವಾಗ ಆ ಹೆಂಗಸರಿಗೆ ಓದಲಾಗದ ಭಾಷೆಯಲ್ಲಿ ಬಂದರೆ ಅದಕ್ಕಿಂತ ವಿಪರ್ಯಾಸ ಬೇಕೆ? ಮನೆಯಲ್ಲಿ ದಖ್ಖನಿ ಉರ್ದು ಆಡುವ ಕುಟುಂಬಗಳು, ಬೈಲುಕುಪ್ಪೆ ಮತ್ತು ಗುರುಪುರದ ಟಿಬೆಟನ್ನರು, ಕೋಟೆಯ ಕಾಡಂಚಿನ ಜೇನುಕುರುಬರು ಇರುವ ಈ ಸೀಮೆಯಲ್ಲಿ ಕನ್ನಡವೇ ಎಲ್ಲರೂ ಕೂಡುವ ಜಗಲಿ. ಅದರ ಪಕ್ಕದಲ್ಲಿ ಇಂಗ್ಲಿಷಿನ ಅಡಿಬರಹ ಇರಲಿ. ಜೊತೆಗೆ ಕಿವಿ ಕೇಳದವರಿಗೆ ಕನ್ನಡದ ಅಡಿಬರಹವೂ, ಬೇಕಾದವರಿಗೆ ಉರ್ದುವಿನದೂ ಇರಬೇಕಿತ್ತು. ಡಿಸ್ಕಿನಲ್ಲಿ ಜಾಗವಿತ್ತು, ಮನಸ್ಸಿನಲ್ಲಿರಲಿಲ್ಲ. ಪ್ರಶಸ್ತಿಯ ತೀರ್ಪುಗಾರರಿಗೆ ಬೇಕಾದ್ದನ್ನು ಒದಗಿಸಿದವರಿಗೆ ನೆರೆಮನೆಯವರು ನೆನಪಾಗಲಿಲ್ಲ.

ಈಗ ಡಿಸ್ಕಿನ ಕಾಲ ಮುಗಿದಿದೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ 'ಹಸೀನಾ'ವನ್ನು ಹುಡುಕುವವರು ಹೆಚ್ಚಬಹುದು. ಅವರಿಗೆ ಎದುರಾಗುವುದು ಮೆನುವಲ್ಲ, ಮೊಬೈಲಿನ ಬೆರಳಗಲದ ಒಂದು ಚಿತ್ರ, ಅದರ ಕೆಳಗೊಂದು ಸಾಲು. ಬಾಗಿಲು ಚಿಕ್ಕದಾಗಿದೆ, ಪ್ರಶ್ನೆ ಹಾಗೆಯೇ ಇದೆ. ಆ ಬೆರಳಗಲದ ಜಾಗದಲ್ಲಿ ಬುರ್ಖಾ ಇಡುತ್ತೀರೋ, ಮನುಷ್ಯಳನ್ನು ಇಡುತ್ತೀರೋ? ಕೆಳಗಿನ ಸಾಲನ್ನು ಯಾರ ಭಾಷೆಯಲ್ಲಿ ಬರೆಯುತ್ತೀರಿ? ಸ್ವತಂತ್ರವಾಗಿ ಚಿತ್ರ ಮಾಡುವ ನಮ್ಮ ಹುಡುಗ ಹುಡುಗಿಯರು ಇದನ್ನು ಕೊನೆಯ ದಿನದ ಕೆಲಸವೆಂದು ಬೇರೆಯವರಿಗೆ ಬಿಡದಿರಲಿ.