ಮೊದಲ ಆಟಕ್ಕೇ ತೀರ್ಪು ಕೊಡಬೇಡಿ: ಹಂದಿಕೂದಲ ಬ್ರಷ್ಷಿನ ರಸಿಕರಿಗೊಂದು ಕೈಪಿಡಿ

ಗಾಂಧಿನಗರದಲ್ಲಿ ಶುಕ್ರವಾರ ತೆರೆಕಂಡ ಸಿನಿಮಾದ ಹಣೆಬರಹ ಮಧ್ಯಾಹ್ನದ ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿರುತ್ತದೆ. ಹಂದಿಕೂದಲ ಶೇವಿಂಗ್ ಬ್ರಷ್ಷನ್ನು ಅದೇ ಲೆಕ್ಕದಲ್ಲಿ ತೂಗಿದರೆ ಮೊದಲ ಬೆಳಿಗ್ಗೆಯೇ ಅದು ಫ್ಲಾಪು. ಕೆನ್ನೆಗೆ ಚುಚ್ಚುತ್ತದೆ, ಕಟ್ಟಿದ ನೊರೆಯನ್ನೆಲ್ಲ ತಾನೇ ಕುಡಿಯುತ್ತದೆ, ಒದ್ದೆಯಾದರೆ ಕೊಟ್ಟಿಗೆಯ ವಾಸನೆ ಬೇರೆ. ತಿಂಗಳೊಪ್ಪತ್ತು ಓಡಲು ಬಿಟ್ಟರೆ ಮಾತ್ರ ಅದರ ರುಚಿ ಹತ್ತುವುದು. ಅಂಗಡಿಯವನು ಕೊಡುವುದು ಅರ್ಧ ಬ್ರಷ್ಷು. ಉಳಿದರ್ಧವನ್ನು ನಿಮ್ಮ ಗಡ್ಡ, ನಿಮ್ಮ ಸೋಪು, ನಿಮ್ಮ ನಲ್ಲಿಯ ನೀರು ಸೇರಿ ಮಾಡುತ್ತವೆ.

ಮೊದಲು ಕಣ್ಣು ಪಳಗಲಿ. ಮೆಜೆಸ್ಟಿಕ್ ದಾಟಿ ಚಿಕ್ಕಪೇಟೆ, ಮಾಮೂಲ್‌ಪೇಟೆಯ ಫ್ಯಾನ್ಸಿ ಅಂಗಡಿಗಳಲ್ಲಿ ಬ್ರಷ್ ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ನೈಲಾನು. ನೈಲಾನಿನ ಎಳೆಗಳು ಒಂದೇ ದಪ್ಪ, ಒಂದೇ ಹೊಳಪು. ಹಂದಿಯ ಕೂದಲು ಹಾಗಲ್ಲ: ಬುಡದಲ್ಲಿ ದಪ್ಪ, ತುದಿಗೆ ಹೋದಂತೆ ಸಣ್ಣ, ಬಣ್ಣದಲ್ಲೂ ಒಂದಕ್ಕೊಂದು ಹೊಂದುವುದಿಲ್ಲ. ಉದುರಿದ ಒಂದೆಳೆಯನ್ನು ಬೆಂಕಿಕಡ್ಡಿಗೆ ಹಿಡಿಯಿರಿ. ನೈಲಾನು ಕರಗಿ ಗುಂಡಾಗುತ್ತದೆ, ಕೂದಲು ಕಮಟು ನಾತದೊಂದಿಗೆ ಕರಕಲಾಗುತ್ತದೆ. ಇನ್ನು, ನಡುವೆ ಕಪ್ಪು ಪಟ್ಟಿಯಿರುವ ಬ್ರಷ್ ಕಂಡು ಮರುಳಾಗಬೇಡಿ. ಅಷ್ಟೇನೂ ದುಬಾರಿಯಲ್ಲದ ಹಂದಿಕೂದಲಿಗೆ ಬಣ್ಣ ಹಚ್ಚಿ ಬ್ಯಾಡ್ಜರ್ ಎಂಬ ಪ್ರಾಣಿಯ ದುಬಾರಿ ಕೂದಲಿನ ವೇಷ ಹಾಕಿಸುವುದು ಈ ಕಸುಬಿನ ಹಳೆಯ ಚಾಳಿ. ವೇಷವಿಲ್ಲದ ತಿಳಿ ಬಣ್ಣದ್ದೇ ನನಗಿಷ್ಟ. ಇಟಲಿಯ ಬೊಲೊನ್ಯಾದಲ್ಲಿ 1931ರಿಂದ ಬ್ರಷ್ ಮಾಡುತ್ತಿರುವ ಒಮೇಗಾ, ಪೋರ್ಚುಗಲ್ಲಿನ ಸೆಮೋಗ್, ಇವೆರಡೂ ಹಂದಿಕೂದಲಿಗೇ ಹೆಸರಾದವು. ನಮ್ಮಲ್ಲಿ ಈ ಕೂದಲಿನ ವ್ಯಾಪಾರಕ್ಕೆ ಕಾನ್ಪುರ ಹೆಸರುವಾಸಿ. ಉತ್ತರಪ್ರದೇಶದ ಬಿಜ್ನೋರ್ ಜಿಲ್ಲೆಯ ಶೇರ್‌ಕೋಟ್ ಅಂತೂ ಬ್ರಷ್ಷಿನ ಊರು ಎಂದೇ ಪ್ರಸಿದ್ಧ.

ಹಂದಿಯದು ಎಂದ ಕೂಡಲೇ ಹಿಂಜರಿಯುವವರಿದ್ದಾರೆ. ಹಿಂದೆ ಬಸವನಗುಡಿ, ಚಾಮರಾಜಪೇಟೆಯ ಮಡಿವಂತ ಮನೆಗಳಲ್ಲಿ ಕ್ಷೌರ ನಡೆಯುತ್ತಿದ್ದುದೇ ಹೊರಗೆ. ಕ್ಷೌರಿಕರ ಪೆಟ್ಟಿಗೆಯಲ್ಲಿ ಏನಿದೆಯೆಂದು ಯಾರೂ ಕೇಳುತ್ತಿರಲಿಲ್ಲ. ಮುಗಿದ ಮೇಲೆ ತಲೆಗೆ ನೀರು ಹಾಕಿಕೊಂಡರೆ ಸರಿಹೋಗುತ್ತಿತ್ತು. ಸೇಫ್ಟಿ ರೇಜರ್ ಬಂದ ಮೇಲೆ ಬ್ರಷ್ಷು ಬಚ್ಚಲುಮನೆಯ ಗೂಡಿನಲ್ಲೇ ಕೂತಿತು. ಧರ್ಮದ ಕಾರಣಕ್ಕೋ ಪ್ರಾಣಿದಯೆಯ ಕಾರಣಕ್ಕೋ ಬೇಡ ಎನ್ನುವವರು ಬೇಡ ಎನ್ನಲಿ, ಈಗ ಸಿಗುವ ಕೃತಕ ಎಳೆಯ ಬ್ರಷ್ಷುಗಳು ಚೆನ್ನಾಗಿಯೇ ಇವೆ. ಆದರೆ ಪಳಗಿಸುವ ಸುಖ ಅವುಗಳಲ್ಲಿಲ್ಲ. ಮೊದಲ ದಿನ ಹೇಗೋ ನೂರನೆಯ ದಿನವೂ ಹಾಗೇ.

ಭಾನುವಾರ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಚೆಂದದ ಹಿಡಿಯ ಹಳೆಯ ಬ್ರಷ್ ಕಂಡರೆ ಹಿಡಿಯನ್ನಷ್ಟೇ ಮೆಚ್ಚಿ ಮುಂದೆ ಹೋಗಿ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡು, ಅಮೆರಿಕಗಳಲ್ಲಿ ಸರಿಯಾಗಿ ಶುದ್ಧಿ ಮಾಡದ ಕುದುರೆ ಕೂದಲ ಬ್ರಷ್ಷುಗಳಿಂದ ಅಂಥ್ರಾಕ್ಸ್ ತಗುಲಿ ಸೈನಿಕರೂ ನಾಗರಿಕರೂ ಸತ್ತರು. ಅವುಗಳಲ್ಲೂ ಹಲವು ಬ್ಯಾಡ್ಜರ್ ವೇಷದವೇ.

ಈಗ ಪಳಗಿಸುವ ಕೆಲಸ. ಹೊಸ ಬ್ರಷ್ಷನ್ನು ಸೋಪಿನಲ್ಲಿ ತೊಳೆದು, ಅಂಗೈಯಲ್ಲಿ ದಟ್ಟ ನೊರೆ ಎಬ್ಬಿಸಿ, ಆ ನೊರೆಯಲ್ಲೇ ರಾತ್ರಿಯಿಡೀ ಬಿಡಿ. ವಾಸನೆ ಒಂದೆರಡು ಸಲಕ್ಕೆ ಇಳಿಯುತ್ತದೆ, ಪೂರ್ತಿ ಹೋಗಲು ವಾರ ಹಿಡಿದರೂ ಚಿಂತೆಯಿಲ್ಲ. ಆಮೇಲೆ ದಿನವೂ ಶೇವ್ ಮಾಡುವ ಮುಂಚೆ ಮೂರು ನಾಲ್ಕು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಬೇಕು. ಕಾಫಿ ಇಳಿಯುವಷ್ಟರಲ್ಲಿ ಅದೂ ನೆನೆದಿರುತ್ತದೆ. ಹಂದಿಕೂದಲು ನೀರನ್ನು ಒಳಗೇ ಹೀರಿಕೊಳ್ಳುವಂಥದ್ದು. ನೆನೆಸದೆ ಸೋಪಿಗೆ ಹಚ್ಚಿದರೆ ನೊರೆಯ ನೀರನ್ನೇ ಎಳೆದುಕೊಳ್ಳುತ್ತದೆ, ಅರ್ಧ ಕೆನ್ನೆ ಮುಗಿಯುವ ಮೊದಲೇ ನೊರೆ ಒಣಗುತ್ತದೆ. ಕುದಿವ ನೀರು ಮಾತ್ರ ಬೇಡ, ಕೂದಲೂ ಕೆಡುತ್ತದೆ, ಬುಡದ ಅಂಟೂ ಬಿಡುತ್ತದೆ.

ನಿಜವಾದ ಬದಲಾವಣೆ ಆಗುವುದು ತುದಿಯಲ್ಲಿ. ನೆನೆದು, ಉಜ್ಜಿಸಿಕೊಂಡು, ಮತ್ತೆ ಒಣಗಿ, ಪ್ರತಿ ಎಳೆಯ ತುದಿಯೂ ಎರಡಾಗಿ ಮೂರಾಗಿ ಸೀಳುತ್ತದೆ. ತಲೆಗೂದಲು ಸೀಳಿದರೆ ಎಣ್ಣೆ ಹುಡುಕುವ ನಾವು ಇಲ್ಲಿ ಅದಕ್ಕಾಗಿಯೇ ಕಾಯುತ್ತೇವೆ. ತುದಿ ಮೆತ್ತಗಾಗುತ್ತದೆ, ಬುಡದ ಬಿಗಿ ಹಾಗೇ ಉಳಿಯುತ್ತದೆ. ಮುಖಕ್ಕೆ ತಾಗುವುದು ಮೃದು, ಹಿಂದಿನಿಂದ ಒತ್ತುವುದು ಗಟ್ಟಿ: ಹಂದಿಕೂದಲಿನ ರಸವೆಲ್ಲ ಈ ಜೋಡಿಯಲ್ಲಿದೆ. ಒಣಗುವುದೂ ಪಾಠದ ಭಾಗವೇ ಆದ್ದರಿಂದ ಒದ್ದೆ ಬ್ರಷ್ಷನ್ನು ಡಬ್ಬಿಯಲ್ಲಿ ಮುಚ್ಚಿಡಬೇಡಿ, ಗಾಳಿಯಾಡುವ ಕಡೆ ಇಡಿ. ಮಂಗಳವಾರ, ಶುಕ್ರವಾರ ಕ್ಷೌರ ಕೂಡದೆಂಬ ಮನೆಯವರಾದರೆ ನಿಮ್ಮ ಬ್ರಷ್ಷಿಗೆ ಯಾವ ಶಾಸ್ತ್ರಿಗಳೂ ಯೋಚಿಸಿರದ ಲಾಭವಿದೆ. ಮೊದಲ ವಾರ ಅಲ್ಲೊಂದು ಇಲ್ಲೊಂದು ಎಳೆ ಉದುರುವುದು ಸಹಜ. ತಿಂಗಳಾದ ಮೇಲೂ ಗೊಂಚಲಾಗಿ ಬಂದರೆ ಕಟ್ಟಿದ ಕೈಯದು ತಪ್ಪು.

ಬೆಂಗಳೂರಿನವರಿಗೆ ನೀರಿನ ಮಾತು ಹೇಳದಿದ್ದರೆ ಕೈಪಿಡಿ ಅಪೂರ್ಣ. 1974ರಲ್ಲಿ ಮೊದಲ ಹಂತವಾಗಿ ಬಂದ ಕಾವೇರಿ, ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರ ಹತ್ತಿ ನಿಮ್ಮ ಮಗ್ಗಿಗೆ ಇಳಿಯುತ್ತದೆ. ಬೋರ್‌ವೆಲ್ ನೀರಿಗೆ ಹೋಲಿಸಿದರೆ ಅದು ಮೆದು. ಬೋರಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನೊಂದಿಗೆ ಸೇರಿ ಕರಗದ ಜಿಡ್ಡಾಗುತ್ತವೆ. ನೊರೆ ತೆಳುವಾಗುತ್ತದೆ, ಜಿಡ್ಡು ಕೂದಲ ಬುಡದಲ್ಲಿ ಬೆಳ್ಳಗೆ ಕೂರುತ್ತದೆ. ಹೊಸ ಬ್ರಷ್ಷನ್ನು ಬಯ್ಯುವ ಮೊದಲು ಒಂದು ದಿನ ಕುಡಿಯುವ ಫಿಲ್ಟರ್ ನೀರಿನಲ್ಲಿ ನೊರೆ ಕಟ್ಟಿ ನೋಡಿ, ಎಷ್ಟೋ ಸಲ ಕಳ್ಳ ಸಿಕ್ಕುವುದು ನಲ್ಲಿಯಲ್ಲಿ. ಬುಡ ಬೆಳ್ಳಗಾಗಿದ್ದರೆ ನೀರು ಬೆರೆಸಿದ ವಿನೆಗರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೊಳೆಯಿರಿ.

ಸೋಪಿನಲ್ಲಿ ಗಟ್ಟಿ ಶೇವಿಂಗ್ ಸೋಪೇ ಈ ಬ್ರಷ್ಷಿಗೆ ಜೋಡಿ. ಗೋದ್ರೆಜ್ ಶೇವಿಂಗ್ ರೌಂಡಿನಂಥದ್ದು ಸಿಕ್ಕರೆ ಬಿಡಬೇಡಿ, ಬಿಗಿ ಬುಡ ಅದನ್ನು ಸಲೀಸಾಗಿ ಕೆರೆದುಕೊಳ್ಳುತ್ತದೆ. ಮೈಸೂರು ಸ್ಯಾಂಡಲ್ ಎಷ್ಟೇ ಪರಿಮಳವಿದ್ದರೂ ಸ್ನಾನದ ಸೋಪು. ಅದರ ನೊರೆ ಬ್ಲೇಡು ಬರುವವರೆಗೆ ನಿಲ್ಲುವುದಿಲ್ಲ.

ಪಳಗಿತೋ ಇಲ್ಲವೋ ತಿಳಿಯಲು ನೆನೆದ ಬ್ರಷ್ಷನ್ನು ಸೋಪಿಲ್ಲದೆ ಕೆಳತುಟಿಯ ಕೆಳಗೆ ಆಡಿಸಿ. ಮುಖದಲ್ಲಿ ಚುಚ್ಚುವುದು ಬೇಗ ಗೊತ್ತಾಗುವ ಜಾಗ ಅದು. ಅಲ್ಲಿ ಹಿತವಾದರೆ ಸಾಕು. ಆಮೇಲೆ ವರ್ಷಗಟ್ಟಲೆ ಬಾಳುತ್ತದೆ. ಮುಪ್ಪಾದ ಬ್ರಷ್ಷು ಹಾರ್ಮೋನಿಯಮ್ಮಿನ ಸಂದಿಯ ಧೂಳು ಹೊಡೆಯಲು, ಪುಸ್ತಕದ ಕಪಾಟಿಗೆ ಬಲು ಚೆನ್ನ. ದೇವರ ಮನೆಯ ಬೆಳ್ಳಿ ಉಜ್ಜಲು ಮಾತ್ರ ಒಯ್ಯಬೇಡಿ. ಮನೆಯಲ್ಲಿ ಅಜ್ಜಿ ಇದ್ದರೆ, ಅದು ಯಾವ ಕೂದಲಿನದೆಂದು ಅವರಿಗೆ ಹೇಳಲೂ ಬೇಡಿ.